ಸ್ಪ್ರಿಂಗ್ ಸಡಿಲವಾಗಿದೆಯೋ, ಗಾಳಿ ಸೋರುತ್ತಿದೆಯೋ?

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಹೊಳಲ್ಕೆರೆ ಹತ್ತಿರದ ಹಳ್ಳಿ. ಮಗಳು ಸೆಕೆಂಡ್ ಪಿಯುಸಿ. ಎರಡು ವರ್ಷದಿಂದ ಅಡಿಕೆ ಗೋದಾಮಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುತ್ತಿದ್ದಾಳೆ. ಬ್ಯಾರಲ್ ಮಡಚಿ ಕಾಕ್ ಮಾಡುವ, ಅಂದರೆ ಹೊಡೆಯಲು ಸಜ್ಜು ಮಾಡುವ, ಸ್ಪ್ರಿಂಗ್ ರೈಫಲ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಮೂರು ತಿಂಗಳಿಂದ ಗುಂಡು ಒಂದು ಬೆರಳು ಕೆಳಗೆ ಬೀಳುತ್ತಿದೆ. ಹೊಡೆದಾಗ ಒಳಗೆ ಝಣ್ ಅನ್ನುತ್ತದೆ. ಅಲ್ಲಾಡಿಸಿದರೆ ಏನೋ ಗಲಗಲ ಅಂದ ಹಾಗೆ ಕೇಳುತ್ತದೆ. ನಮ್ಮ ಮಾವ ಮಿಲಿಟರಿಯಲ್ಲಿದ್ದವರು. 'ಸ್ಪ್ರಿಂಗ್ ಲೂಸ್ ಆಗೈತಿ, ನಮ್ಮ ಎಸ್‌ಎಲ್‌ಆರ್‌ನಾಗೂ ಹಿಂಗೇ ಆಗ್ತಿತ್ತು' ಅಂತಾರೆ. ಸೈಕಲ್ ಶಾಪಿನವರು ಬಿಚ್ಚಿ, ಸ್ಪ್ರಿಂಗ್ ಎಳೆದು ಉದ್ದ ಮಾಡಿ ಹಾಕಿಕೊಡ್ತೀನಿ ಅಂದಿದ್ದಾರೆ. ನಾವೇ ಒಮ್ಮೆ ಕೊಬ್ಬರಿ ಎಣ್ಣೆ ಬಿಟ್ಟು ನೋಡಿದೆವು. ಪಟಾರ್ ಅಂತ ಸದ್ದಾಗಿ ಹೊಗೆ ಬಂತು. ಸಂಕ್ರಾಂತಿಗೆ ಬೆಂಗಳೂರಿಂದ ಹೊಸ ಪೆಲೆಟ್ (ಏರ್ ರೈಫಲ್ಲಿನ ಸೀಸದ ಗುಂಡು) ಡಬ್ಬಿ ತಂದಿದ್ದೇವೆ, ಅದರಲ್ಲೂ ಹಾಗೇ. ಏನು ಮಾಡಬೇಕು?

ಉತ್ತರ: ನಮಸ್ಕಾರ. ಮೊದಲು ಒಂದು ಮಾತು. ಸೈಕಲ್ ಶಾಪಿನವರಿಗೆ ಸದ್ಯಕ್ಕೆ ಬೇಡ ಅಂತ ಹೇಳಿಬಿಡಿ. ಅವರ ಕೈಗುಣದ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಈ ಸ್ಪ್ರಿಂಗ್ ಬಿಚ್ಚುವ ರೀತಿಯೇ ಬೇರೆ. ಎಳೆದು ಉದ್ದ ಮಾಡಿದ ಸ್ಪ್ರಿಂಗಂತೂ ಒಂದು ವಾರವೂ ಬಾಳುವುದಿಲ್ಲ. ಎರಡಕ್ಕೂ ಕಾರಣ ಮುಂದೆ ಹೇಳುತ್ತೇನೆ.

ದಾವಣಗೆರೆಯಲ್ಲಿ ನನ್ನ ಕೆಲಸದ ಮೇಜಿಗೆ ಬರುವ ಏರ್ ರೈಫಲ್‌ಗಳಲ್ಲಿ ಹೆಚ್ಚಿನವು 'ಸ್ಪ್ರಿಂಗ್ ಹೋಗಿದೆ ಸರ್' ಅನ್ನುವ ಮಾತಿನ ಜೊತೆಗೇ ಬರುತ್ತವೆ. ಬಿಚ್ಚಿ ನೋಡಿದರೆ ಬಹಳಷ್ಟು ಸಲ ಸ್ಪ್ರಿಂಗ್ ಚೆನ್ನಾಗಿಯೇ ಇರುತ್ತದೆ. ಗಾಳಿ ಇನ್ನೆಲ್ಲೋ ಸೋರುತ್ತಿರುತ್ತದೆ. ಅದಕ್ಕೇ ನಾನು ಯಾವಾಗಲೂ ಹೇಳುವುದು, ಸ್ಪ್ರಿಂಗನ್ನು ಕೊನೆಗೆ ಅನುಮಾನಿಸಿ. ಹೊರಗಿನಿಂದ ನೋಡಬಹುದಾದ್ದನ್ನೆಲ್ಲ ನೋಡಿ ಮುಗಿಸಿದ ಮೇಲೆ ಒಳಗೆ ಕೈ ಹಾಕಿ.

ನಿಮ್ಮ ಮಾವನವರ ಮಾತಿನಲ್ಲಿ ತಪ್ಪಿಲ್ಲ, ಆದರೆ ಅವರು ಹೇಳುತ್ತಿರುವ ಬಂದೂಕೇ ಬೇರೆ. ಎಸ್‌ಎಲ್‌ಆರ್ ಅಂದರೆ ಸೆಲ್ಫ್ ಲೋಡಿಂಗ್ ರೈಫಲ್, ಅದು ಸೆಮಿ ಆಟೋಮ್ಯಾಟಿಕ್. ಅಲ್ಲಿ ಗುಂಡನ್ನು ತಳ್ಳುವುದು ಮದ್ದು. ಆ ಮದ್ದಿನ ಗ್ಯಾಸ್‌ನಲ್ಲೇ ಸ್ವಲ್ಪ ಪಾಲು ಹಿಂದಕ್ಕೆ ತಿರುಗಿ ಬೋಲ್ಟನ್ನು, ಅಂದರೆ ಗುಂಡು ಏರಿಸಿ ಬ್ಯಾರಲ್ಲಿನ ಹಿಂಬಾಯಿ ಮುಚ್ಚುವ ಭಾಗವನ್ನು, ಹಿಂದೆ ದೂಡುತ್ತದೆ. ಹಿಂದೆ ಹೋದ ಬೋಲ್ಟನ್ನು ಮತ್ತೆ ಮುಂದೆ ತರುವುದಷ್ಟೇ ಸ್ಪ್ರಿಂಗಿನ ಕೆಲಸ. ಆ ಸ್ಪ್ರಿಂಗ್ ಬಟ್‌ನ ಒಳಗೆ, ಅಂದರೆ ಭುಜಕ್ಕೆ ಒರಗಿಸುವ ಹಿಂಭಾಗದಲ್ಲಿ, ಕೂತಿರುತ್ತದೆ. ಅದು ಸಡಿಲವಾದರೆ ಬೋಲ್ಟ್ ಪೂರ್ತಿ ಮುಂದೆ ಬಂದು ಕೂರುವುದಿಲ್ಲ, ಮುಂದಿನ ಗುಂಡು ಸರಿಯಾಗಿ ಏರುವುದಿಲ್ಲ, ರೈಫಲ್ ಜಾಮ್ ಆಗುತ್ತದೆ. ಆದರೆ ಹಾರಿದ ಗುಂಡಿನ ವೇಗ ಕಡಿಮೆಯಾಗುವುದಿಲ್ಲ. ಅಂಥ ರೈಫಲ್ ನಮ್ಮ ದೇಶದಲ್ಲಿ ಸಾಮಾನ್ಯರ ಕೈಗೆ ಬರುವುದೂ ಇಲ್ಲ, ಅದರ ರಿಪೇರಿ ಪಡೆಯ ಬಂದೂಕು ರಿಪೇರಿಯವರ (ಆರ್ಮರರ್) ಕೆಲಸ.

ನಿಮ್ಮ ಮಗಳ ರೈಫಲ್‌ನಲ್ಲಿ ಸ್ಪ್ರಿಂಗೇ ಎಂಜಿನ್. ಬ್ಯಾರಲ್ ಮಡಚಿದಾಗ ಒಂದು ಪಿಸ್ಟನ್ ಹಿಂದೆ ಸರಿದು, ಅದರ ಹಿಂದಿನ ದಪ್ಪ ಸ್ಪ್ರಿಂಗ್ ಒತ್ತಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗ್ ಪಿಸ್ಟನ್ನನ್ನು ಮುಂದಕ್ಕೆ ನುಗ್ಗಿಸುತ್ತದೆ. ಪಿಸ್ಟನ್ ಮುಂದಿನ ಗಾಳಿಯನ್ನು ಅದುಮುತ್ತದೆ. ಆ ಅದುಮಿದ ಗಾಳಿ ಸಣ್ಣ ತೂತಿನ ಮೂಲಕ ನುಗ್ಗಿ ಪೆಲೆಟ್ಟನ್ನು ತಳ್ಳುತ್ತದೆ. ಪಂಪ್ ಸ್ಟೋವ್ ನೋಡಿದ್ದೀರಲ್ವಾ? ಪಂಪಿನ ಚರ್ಮದ ವಾಷರ್ ಒಣಗಿದರೆ ಎಷ್ಟು ಒತ್ತಿದರೂ ಗಾಳಿ ಏರುವುದಿಲ್ಲ. ಆಗ ನಮ್ಮಮ್ಮ ತೋಳಿನ ಶಕ್ತಿಯನ್ನು ಅನುಮಾನಿಸುತ್ತಿರಲಿಲ್ಲ, ವಾಷರ್ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದರು. ಇಲ್ಲೂ ಹಾಗೇ. ಸ್ಪ್ರಿಂಗ್ ಅಂದರೆ ತೋಳು, ಸೀಲ್ ಅಂದರೆ ವಾಷರ್.

ಈಗ ನಿಮ್ಮ 'ಒಂದು ಬೆರಳು' ಅನ್ನುವ ಲೆಕ್ಕಕ್ಕೆ ಬರೋಣ. ಈ ಮಾತು ನೀವು ಬರೆದಿದ್ದು ಒಳ್ಳೆಯದಾಯಿತು, ಇದರಲ್ಲಿ ತುಂಬಾ ವಿಷಯ ಇದೆ. ಅರ್ಧ ಗ್ರಾಂ ತೂಕದ ಪೆಲೆಟ್ ಸೆಕೆಂಡಿಗೆ 170 ಮೀಟರ್ ವೇಗದಲ್ಲಿ ಹೋದರೆ 10 ಮೀಟರ್ ದಾಟಲು ಸುಮಾರು 0.06 ಸೆಕೆಂಡ್ ಬೇಕು. ಅಷ್ಟರಲ್ಲಿ ಭೂಮಿ ಅದನ್ನು 17 ಮಿಲಿಮೀಟರ್ ಕೆಳಕ್ಕೆ ಎಳೆದಿರುತ್ತದೆ. ವೇಗ 120 ಮೀಟರ್‌ಗೆ ಇಳಿದರೆ ಆ ಇಳಿತ 34 ಮಿಲಿಮೀಟರ್ ಆಗುತ್ತದೆ. ವ್ಯತ್ಯಾಸ 17 ಮಿಲಿಮೀಟರ್, ಅಂದರೆ ಹೆಚ್ಚುಕಡಿಮೆ ಒಂದು ಬೆರಳಗಲ. ಈಗ ಶಕ್ತಿ ಲೆಕ್ಕ ಹಾಕಿ. 170ಕ್ಕೆ 7.2 ಜೂಲ್, 120ಕ್ಕೆ 3.6 ಜೂಲ್. ಒಂದು ಬೆರಳು ಕೆಳಗೆ ಬಿತ್ತು ಅಂದರೆ ಶಕ್ತಿ ಅರ್ಧಕ್ಕೆ ಇಳಿದಿರಬಹುದು. ಹೊಡೆಯುವಾಗ ರೈಫಲ್ ಕುಪ್ಪಳಿಸುವ ರೀತಿಯೂ ಬದಲಾಗುವುದರಿಂದ ಇದು ಅಂದಾಜಿನ ಲೆಕ್ಕ. ಆದರೂ ವಿಷಯ ಸಣ್ಣದಲ್ಲ ಅನ್ನುವುದಂತೂ ಗೊತ್ತಾಗುತ್ತದೆ.

ಹೊಸ ಡಬ್ಬಿಯ ಪೆಲೆಟ್ ಭಾರದ್ದು ಇರಬಹುದಾ ಅಂತಲೂ ಯೋಚಿಸಿದೆ. ಅರ್ಧ ಗ್ರಾಂ ಬದಲು 0.65 ಗ್ರಾಂ ಪೆಲೆಟ್ ಹಾಕಿದರೂ 10 ಮೀಟರ್‌ನಲ್ಲಿ ಹೆಚ್ಚುವರಿ ಇಳಿತ ಸುಮಾರು 5 ಮಿಲಿಮೀಟರ್ ಅಷ್ಟೇ. ಬೆರಳಗಲ ಆಗುವುದಿಲ್ಲ. ಆದರೆ ಇನ್ನೊಂದು ನೋಡಿ. ಪೆಲೆಟ್ಟಿನ ಹಿಂಭಾಗ ಲಂಗದ ಹಾಗೆ ಅರಳಿರುತ್ತದೆ. ಗಾಳಿಯನ್ನು ಹಿಡಿದುಕೊಳ್ಳುವುದು ಆ ಲಂಗವೇ. ಬ್ರೀಚ್‌ನಲ್ಲಿ (ಬ್ಯಾರಲ್ಲಿನ ಹಿಂಬಾಯಿಯಲ್ಲಿ) ಪೆಲೆಟ್ ಇಡುವಾಗ ಹೆಬ್ಬೆರಳಿಗೆ ಸ್ವಲ್ಪ ಬಿಗಿ ಸಿಗಬೇಕು. ಸುಮ್ನೆ ಜಾರಿ ಒಳಗೆ ಹೋದರೆ ಅದರ ಸುತ್ತ ಗಾಳಿ ಸೋರುತ್ತದೆ. ಬೆಂಗಳೂರಿಂದ ಬಸ್ಸಿನಲ್ಲಿ ಬಂದ ಡಬ್ಬಿಯಲ್ಲಿ ಅಲ್ಲಾಡಿ ಲಂಗ ಸೊಟ್ಟಗಾದವು ಕೆಲವು ಇದ್ದೇ ಇರುತ್ತವೆ. ಅವನ್ನು ಆರಿಸಿ ಪಕ್ಕಕ್ಕೆ ಇಡಿ. ಅಕ್ಕಿಯಲ್ಲಿ ಕಲ್ಲು ಆರಿಸಿದ ಹಾಗೆ ಒಂದು ತಟ್ಟೆಗೆ ಹಾಕಿಕೊಂಡು ಆರಿಸಿದರೆ ಹತ್ತು ನಿಮಿಷದ ಕೆಲಸ. ಪೆಲೆಟ್ ಸೀಸದ್ದು, ಆಮೇಲೆ ಕೈ ಸೋಪು ಹಾಕಿ ತೊಳೆದುಕೊಳ್ಳಲಿ.

ಗುಂಡುಗಳು ಕಾಗದದ ಮೇಲೆ ಹೇಗೆ ಬಿದ್ದಿವೆ ಅನ್ನುವುದನ್ನೂ ನೋಡಬೇಕು. ಹತ್ತು ಗುಂಡು ಹೊಡೆಸಿ. ಉದ್ದಕ್ಕೆ, ಮೇಲಿನಿಂದ ಕೆಳಗೆ ಸಾಲಾಗಿ ಹರಡಿದ್ದರೆ ವೇಗ ಒಂದೊಂದು ಹೊಡೆತಕ್ಕೆ ಒಂದೊಂದು ರೀತಿ ಇದೆ, ಅಂದರೆ ಗಾಳಿ ಅಥವಾ ಸ್ಪ್ರಿಂಗ್. ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿ ಆಗಿದ್ದರೆ ಮರದ ಸ್ಟಾಕಿಗೆ ರೈಫಲ್ ಹಿಡಿದಿರುವ ಸ್ಕ್ರೂ ಸಡಿಲ, ಇಲ್ಲವೇ ಬ್ಯಾರಲ್ ಮಡಚುವ ಜಾಗದ ಬೋಲ್ಟ್ ಸಡಿಲ. ಎಲ್ಲ ಒಂದೇ ಕಡೆ ಗುಂಪಾಗಿ, ಆದರೆ ಗುಂಪೇ ಕೆಳಗಿದ್ದರೆ, ಗುರಿ ನೋಡುವ ಸೈಟ್ ಜರುಗಿಲ್ಲವೇ ಅಂತ ಮೊದಲು ನೋಡಿ. ಸ್ಪ್ರಿಂಗ್ ರೈಫಲ್ ಹೊಡೆದಾಗ ಹಿಂದಕ್ಕೂ ಒದೆಯುತ್ತದೆ, ಪಿಸ್ಟನ್ ನಿಂತಾಗ ಮುಂದಕ್ಕೂ ಜಗ್ಗುತ್ತದೆ. ಈ ಎರಡು ಕಡೆಯ ಕುಲುಕಾಟಕ್ಕೆ ಸ್ಕ್ರೂಗಳು ತಾವಾಗಿಯೇ ತಿರುಗಿ ಸಡಿಲವಾಗುತ್ತವೆ. ನೀವು ಬರೆದ 'ಗಲಗಲ' ಇದೇ ಇರಬಹುದು. ಸರಿಯಾದ ಅಳತೆಯ ಸ್ಕ್ರೂಡ್ರೈವರ್ ತೆಗೆದುಕೊಂಡು ಎಲ್ಲವನ್ನೂ ಒಂದು ಸುತ್ತು ನೋಡಿ. ಮರ ಬಿರಿಯುವಷ್ಟು ಬಿಗಿ ಬೇಡ, ಕೈಗೆ ಗಟ್ಟಿ ಅನ್ನಿಸಿದರೆ ಸಾಕು. ಆಮೇಲೆ ಮತ್ತೆ ಅಲ್ಲಾಡಿಸಿ ನೋಡಿ. ಸದ್ದು ನಿಂತಿತಾ?

ಇನ್ನು ಗಾಳಿ ಸೋರಿಕೆ. ಬ್ಯಾರಲ್ ಮಡಚಿದಾಗ ಕಾಣುವ ಬಾಯಿಯ ಸುತ್ತ ಒಂದು ರಬ್ಬರ್ ಅಥವಾ ಚರ್ಮದ ಉಂಗುರ ಇರುತ್ತದೆ. ಅದೇ ಬ್ರೀಚ್ ಸೀಲ್. ಸಾವಿರಾರು ಸಲ ಮಡಚಿ ಮುಚ್ಚಿ ಅದು ಚಪ್ಪಟೆಯಾಗುತ್ತದೆ. ಪರೀಕ್ಷೆ ಹೀಗೆ. ಪೆಲೆಟ್ ಹಾಕಿ ಬ್ಯಾರಲ್ ಮುಚ್ಚಿ. ಟಿಶ್ಯೂ ಪೇಪರಿನ ಬೆರಳಗಲದ ಪಟ್ಟಿ ಹರಿದು, ಬ್ಯಾರಲ್ ಸೇರುವ ಸಂದಿನ ಮೇಲೆ ಅಡ್ಡಲಾಗಿ ಹಾಸಿ. ಮಗಳು ಗುರಿ ಫಲಕಕ್ಕೇ ಹೊಡೆಯಲಿ, ನೀವು ಅವಳ ಪಕ್ಕಕ್ಕೆ, ಸ್ವಲ್ಪ ಹಿಂದೆ ನಿಂತು ನೋಡಿ. ಇಬ್ಬರಿಗೂ ಕನ್ನಡಕ ಇರಲಿ. ಪಟ್ಟಿ ಚಂಗನೆ ಹಾರಿದರೆ ಅಲ್ಲಿ ಸೋರಿಕೆ ಇದೆ. ಕುಲುಕಾಟಕ್ಕೆ ಸುಮ್ನೆ ಜಾರಿ ಬಿದ್ದರೆ ಅದು ಲೆಕ್ಕಕ್ಕಿಲ್ಲ. ಈ ಎರಡರ ವ್ಯತ್ಯಾಸ ಒಂದೆರಡು ಸಲ ನೋಡಿದರೆ ಕಣ್ಣಿಗೆ ಹತ್ತುತ್ತದೆ. ಸಂಶಯ ಬಂದರೆ ಸಂದಿಗೆ ಚಿಟಿಕೆ ಟಾಲ್ಕಂ ಪೌಡರ್ ಸವರಿ ಹೊಡೆಯಿರಿ. ಸೋರುವ ಜಾಗದಲ್ಲಿ ಪುಸ್ ಅಂತ ಬಿಳಿ ಹೊಗೆಯ ಹಾಗೆ ಏಳುತ್ತದೆ, ಪೌಡರ್ ಅಳಿಸಿದ ಗುರುತೂ ಉಳಿಯುತ್ತದೆ. ಸೋರಿಕೆ ಇದ್ದರೆ ಆ ಉಂಗುರವನ್ನು ಸೂಜಿಯಿಂದ ಮೆಲ್ಲಗೆ ಎತ್ತಿ, ಅದೇ ಅಳತೆಯ ಓ ರಿಂಗ್ ಕೂರಿಸಿದರೆ ಆಯಿತು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಿ. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಮೋಟಾರ್ ಪಂಪ್ ಬಿಡಿಭಾಗ ಮಾರುವ ಅಂಗಡಿಯಲ್ಲಿ ಹತ್ತಾರು ಅಳತೆಯ ಓ ರಿಂಗ್ ಇರುತ್ತವೆ. ಅರ್ಧ ಶಕ್ತಿ ಹೋದ ರೈಫಲ್ ಇಷ್ಟು ಸಣ್ಣ ಉಂಗುರದಿಂದ ಸರಿಯಾಗಿದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಳಗಿನ ಪಿಸ್ಟನ್ ಸೀಲ್ ಎರಡನೆಯದು. ಹಳೆಯ ರೈಫಲ್‌ಗಳಲ್ಲಿ ಅದು ಚರ್ಮದ್ದು, ಹೊಸದರಲ್ಲಿ ಸಿಂಥೆಟಿಕ್. ನಮ್ಮ ಕಡೆ ಮಾರ್ಚ್‌ನಿಂದ ಮೇ ತನಕ ಬಿಸಿಲು ಹೇಗಿರುತ್ತದೆ ಅಂತ ನಿಮಗೆ ಗೊತ್ತೇ ಇದೆ. ತಗಡಿನ ಛಾವಣಿಯ ಗೋದಾಮಿನಲ್ಲಿ ಇಟ್ಟ ರೈಫಲ್‌ನ ಚರ್ಮ ಒಣಗಿ ಗಟ್ಟಿಯಾಗುವುದು ಸಹಜ. ನಿಮ್ಮದು ಸೆಕೆಂಡ್ ಹ್ಯಾಂಡ್ ಅಂದಿರಿ, ಆದ್ದರಿಂದ ಚರ್ಮವೇ ಇರಬಹುದು. ಚರ್ಮವಾದರೆ ರೈಫಲ್‌ಗೆಂದೇ ಬರುವ ಸಿಲಿಕೋನ್ ಎಣ್ಣೆ ಎರಡು ಮೂರು ಹನಿ ಗಾಳಿ ತೂತಿಗೆ ಬಿಟ್ಟು, ಮೂತಿ ಮೇಲೆ ಮಾಡಿ ಒಂದು ರಾತ್ರಿ ನಿಲ್ಲಿಸಿ. ಚರ್ಮ ಎಣ್ಣೆ ಕುಡಿದು ಮೆತ್ತಗಾಗಿ ಅರಳುತ್ತದೆ. ಸಿಂಥೆಟಿಕ್ ಆದರೆ ಎಣ್ಣೆ ಬೇಡವೇ ಬೇಡ.

ಕೊಬ್ಬರಿ ಎಣ್ಣೆ ವಿಷಯ ಗಟ್ಟಿಯಾಗಿ ಹೇಳಬೇಕು. ಪಟಾರ್ ಅಂದಿದ್ದು, ಹೊಗೆ ಬಂದಿದ್ದು ರೈಫಲ್ ಸುಧಾರಿಸಿದ ಲಕ್ಷಣ ಅಲ್ಲ. ಪಿಸ್ಟನ್ ಗಾಳಿಯನ್ನು ಅಷ್ಟು ಬೇಗ ಅದುಮಿದಾಗ ಗಾಳಿ ವಿಪರೀತ ಬಿಸಿಯಾಗುತ್ತದೆ. ಡೀಸೆಲ್ ಎಂಜಿನ್ ಕಿಡಿ ಇಲ್ಲದೆ ಹೊತ್ತಿಕೊಳ್ಳುವುದು ಇದೇ ಶಾಖದಿಂದ. ಒಳಗೆ ನಿಂತಿದ್ದ ನಿಮ್ಮ ಎಣ್ಣೆ ಹಾಗೆಯೇ ಹೊತ್ತಿಕೊಂಡಿದೆ. ಆ ಸ್ಫೋಟ ಪಿಸ್ಟನ್ನನ್ನು ತಿರುಗಿ ಹಿಂದಕ್ಕೆ ಒದೆಯುತ್ತದೆ. ಸೀಲ್ ಸುಡುತ್ತದೆ, ಸ್ಪ್ರಿಂಗಿನ ಸುತ್ತು ಮುರಿಯಲೂಬಹುದು. ಜೊತೆಗೆ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಡಿಸೆಂಬರ್ ಬೆಳಿಗ್ಗೆ ಹೊಳಲ್ಕೆರೆಯಲ್ಲಿ ತಲೆಗೆ ಹಚ್ಚುವ ಎಣ್ಣೆ ಬಾಟಲಿ ಬಿಸಿಲಿಗೆ ಇಡುತ್ತೀರಲ್ವಾ, ಅದೇ ಮೇಣ ಪಿಸ್ಟನ್ ಸುತ್ತಲೂ ಕೂರುತ್ತದೆ. ಹೊಲಿಗೆ ಮೆಷಿನ್ ಎಣ್ಣೆ, ಎಂಜಿನ್ ಆಯಿಲ್‌ಗೂ ಇದೇ ಮಾತು. ಇನ್ನು ಮುಂದೆ ಆ ತೂತಿಗೆ ಏನೂ ಬಿಡಬೇಡಿ, ಮೇಲೆ ಹೇಳಿದ್ದನ್ನು ಬಿಟ್ಟು.

ಪೆಲೆಟ್ ಇಲ್ಲದೆ ಖಾಲಿ ಹೊಡೆಯುವ ಅಭ್ಯಾಸ ಇದ್ದರೆ ಅದನ್ನೂ ಇವತ್ತೇ ನಿಲ್ಲಿಸಿ. ಪೆಲೆಟ್ ಎದುರಿಗೆ ಇದ್ದಾಗ ಅದುಮಿದ ಗಾಳಿ ಪಿಸ್ಟನ್‌ಗೆ ಮೆತ್ತೆಯಾಗುತ್ತದೆ. ಖಾಲಿ ಹೊಡೆದರೆ ಮೆತ್ತೆ ಇಲ್ಲ, ಕಬ್ಬಿಣಕ್ಕೆ ಕಬ್ಬಿಣ ಗುದ್ದಿದ ಹಾಗೆ.

ಇಷ್ಟೆಲ್ಲ ನೋಡುವಾಗ ಅಂದಾಜಿನ ಬದಲು ಒಂದು ಅಳತೆ ಕೈಯಲ್ಲಿದ್ದರೆ ಒಳ್ಳೆಯದು. ವೇಗ ಅಳೆಯುವ ಯಂತ್ರ ಬೇಕಿಲ್ಲ, ನಿಮ್ಮ ಮೊಬೈಲ್ ಸಾಕು. ಮಗಳು ನಿಲ್ಲುವ ಜಾಗಕ್ಕೂ ಫಲಕಕ್ಕೂ ಸರಿಯಾಗಿ ನಡುವೆ, ಅಂದರೆ 5 ಮೀಟರ್‌ನಲ್ಲಿ, ಗುಂಡಿನ ದಾರಿಯಿಂದ ಪಕ್ಕಕ್ಕೆ ಸರಿಸಿ ಗೋಡೆ ಬದಿಯಲ್ಲಿ ಮೊಬೈಲ್ ಇಡಿ. ರೆಕಾರ್ಡಿಂಗ್ ಹಾಕಿ ನೀವು ಹಿಂದೆ ಬಂದ ಮೇಲೆ ಅವಳು ಹೊಡೆಯಲಿ. ಹೊಡೆದ ಸದ್ದು, ಫಲಕಕ್ಕೆ ತಗುಲಿದ ಸದ್ದು, ಎರಡೂ ಮೊಬೈಲ್‌ಗೆ ಬರಲು ಒಂದೇ ದೂರ. ಆದ್ದರಿಂದ ಎರಡರ ನಡುವಿನ ಅಂತರವೇ ಪೆಲೆಟ್ ಹಾರಿದ ಸಮಯ. ಧ್ವನಿಯ ಅಲೆ ತೋರಿಸುವ ಯಾವುದಾದರೂ ಆಡಿಯೋ ಎಡಿಟರ್ ಆ್ಯಪ್‌ನಲ್ಲಿ ತೆರೆದರೆ ಎರಡು ಚೂಪಾದ ಏರು ಕಾಣುತ್ತವೆ. ನಡುವಿನ ಸಮಯ ಓದಿ. 60 ಮಿಲಿಸೆಕೆಂಡ್ ಬಂದರೆ ಸುಮಾರು 167 ಮೀಟರ್ ವೇಗ, 83 ಬಂದರೆ 120. ಫಲಕದ ಹಿಂದೆ ತೆಳು ತಗಡು ಕಟ್ಟಬೇಡಿ, ಪೆಲೆಟ್ ತಿರುಗಿ ಬರುತ್ತದೆ. ಮರದ ಪೆಟ್ಟಿಗೆಯಲ್ಲಿ ಹಸಿ ಕೆರೆಮಣ್ಣು ತುಂಬಿ, ಅದರ ಮುಂದೆ ಬಿಗಿಯಾಗಿ ರಟ್ಟು ಕಟ್ಟಿದರೆ ತಗುಲಿದ ಸದ್ದು ಚೆನ್ನಾಗಿ ಕೇಳುತ್ತದೆ, ಸೀಸವೂ ಮಣ್ಣಲ್ಲೇ ಉಳಿಯುತ್ತದೆ. ಹತ್ತು ಹೊಡೆತ ಅಳೆದು ಬರೆದಿಡಿ. ಸ್ಕ್ರೂ ಬಿಗಿದ ಮೇಲೆ ಹತ್ತು, ಬ್ರೀಚ್ ಸೀಲ್ ಹಾಕಿದ ಮೇಲೆ ಹತ್ತು. ಯಾವುದರಿಂದ ಎಷ್ಟು ಬಂತು ಅಂತ ಕಣ್ಣಿಗೇ ಕಾಣುತ್ತದೆ.

ಇಷ್ಟು ಮಾಡಿಯೂ ಸಮಯ 80ರ ಹತ್ತಿರವೇ ಇದ್ದರೆ ಆಗ ಸ್ಪ್ರಿಂಗಿನ ಮಾತು.

ಸ್ಪ್ರಿಂಗಿಗೆ ಬರುವ ಕಾಯಿಲೆ ಮೂರು ಥರ. ಮೊದಲನೆಯದು ಕುಗ್ಗುವುದು. ಹೊಸ ಸ್ಪ್ರಿಂಗ್ ಶುರುವಿನಲ್ಲಿ ಸ್ವಲ್ಪ ಗಿಡ್ಡವಾಗಿ ಆಮೇಲೆ ಹಾಗೇ ನಿಲ್ಲುತ್ತದೆ, ಅದು ಸಹಜ. ಆದರೆ ಕಾಕ್ ಮಾಡಿ ಗಂಟೆಗಟ್ಟಲೆ ಬಿಟ್ಟರೆ ಜಾಸ್ತಿ ಕುಗ್ಗುತ್ತದೆ. ಊಟಕ್ಕೆ ಕರೆದರು ಅಂತ ಕಾಕ್ ಮಾಡಿದ ರೈಫಲ್ಲನ್ನು ಹಾಗೇ ಒರಗಿಸಿ ಹೋಗುವ ಮಕ್ಕಳಿದ್ದಾರೆ. ಸ್ಪ್ರಿಂಗಿಗೂ ಕೆಟ್ಟದ್ದು, ಮನೆಯವರಿಗೂ ಅಪಾಯ. ಎರಡನೆಯದು ಮುರಿಯುವುದು. ಸ್ಪ್ರಿಂಗ್ ನಡುವೆ ತುಂಡಾದರೂ ರೈಫಲ್ ನಿಲ್ಲುವುದಿಲ್ಲ. ಎರಡು ತುಂಡುಗಳು ಒಂದರೊಳಗೊಂದು ತಿರುಪಿಕೊಂಡು ಕೆಲಸ ಮಾಡುತ್ತಲೇ ಇರುತ್ತವೆ, ಶಕ್ತಿ ಮಾತ್ರ ಬಿದ್ದಿರುತ್ತದೆ. ಬ್ಯಾರಲ್ ಎಳೆಯುವಾಗ ಒಳಗೆ ಕರಕರ ಅಂದರೆ, ಎಳೆತ ಮಧ್ಯೆ ತಡೆದು ತಡೆದು ಬಂದರೆ ಇದೇ ಅಂತ ತಿಳಿಯಿರಿ. ಮೂರನೆಯದು ಬಾಗುವುದು.

ನೀವು ಹೇಳಿದ ಝಣ್ ಸದ್ದು ಈ ಮೂರರಲ್ಲಿ ಯಾವುದೂ ಅಲ್ಲದೆ ಇರಬಹುದು. ಸ್ಪ್ರಿಂಗಿನ ಒಳಗೆ ಒಂದು ಸಲಾಕೆ ಇರುತ್ತದೆ, ಸ್ಪ್ರಿಂಗ್ ಗೈಡ್ ಅಂತಾರೆ. ಅದಕ್ಕೂ ಸ್ಪ್ರಿಂಗಿಗೂ ನಡುವೆ ಜಾಗ ಜಾಸ್ತಿ ಇದ್ದರೆ, ಹೊಡೆದ ಮೇಲೆ ಸ್ಪ್ರಿಂಗ್ ಅದರ ಮೇಲೆ ನಡುಗುತ್ತದೆ. ತಂಬೂರಿ ತಂತಿ ಮೀಟಿದ ಹಾಗೆ ಝಣ್ ಅನ್ನುವುದು ಆ ನಡುಕ. ಸ್ಪ್ರಿಂಗ್ ಪೂರ್ತಿ ಗಟ್ಟಿಯಾಗಿದ್ದಾಗಲೂ ಇದು ಬರುತ್ತದೆ. ನಮ್ಮ ದಾವಣಗೆರೆ ಮಿಲ್ಲುಗಳ ಊರು, ಒಳ್ಳೆಯ ಲೇತ್ ಕೆಲಸದವರಿಗೆ ಇಲ್ಲಿ ಕೊರತೆ ಇಲ್ಲ. ನೈಲಾನ್ ಕಂಬಿಯಿಂದ ಸ್ಪ್ರಿಂಗಿನ ಒಳ ಅಳತೆಗೆ ಸರಿಯಾಗಿ, ಕೈಯಿಂದ ತಿರುಗಿಸಿ ತಳ್ಳಿದರೆ ಮಾತ್ರ ಹೋಗುವಷ್ಟು ಬಿಗಿಯಾಗಿ ಒಂದು ಗೈಡ್ ಮಾಡಿಸಿದರೆ ಸದ್ದು ನಿಂತೇ ಹೋಗುತ್ತದೆ. ಆಟೋಮೊಬೈಲ್ ಅಂಗಡಿಯಲ್ಲಿ ಸಿಗುವ ಕಪ್ಪು ಮಾಲಿಬ್ಡಿನಂ ಗ್ರೀಸ್ ಸ್ಪ್ರಿಂಗಿನ ಹೊರ ಮೈಗೆ ತೆಳ್ಳಗೆ ಸವರಬೇಕು. ಪಿಸ್ಟನ್ ಮುಂದಿನ ಕೋಣೆಗೆ ಒಂದು ಚೂರೂ ಹೋಗಬಾರದು, ಹೋದರೆ ಮತ್ತೆ ಪಟಾರ್.

ಎಳೆದು ಉದ್ದ ಮಾಡುವುದು ಯಾಕೆ ಬೇಡ? ಸ್ಪ್ರಿಂಗ್ ಕುಗ್ಗಿದೆ ಅಂದರೆ ಅದರ ಉಕ್ಕು ಒಮ್ಮೆ ಸೋತಿದೆ ಅಂತ ಅರ್ಥ. ನೀವು ಹಿಡಿದು ಎಳೆದಾಗ ಅದೇ ಉಕ್ಕನ್ನು ಇನ್ನೊಂದು ದಿಕ್ಕಿಗೆ ಸೋಲಿಸುತ್ತೀರಿ. ಮೇಜಿನ ಮೇಲೆ ಉದ್ದ ಕಾಣುತ್ತದೆ. ಒಳಗೆ ಹಾಕಿ ಒಂದಷ್ಟು ಹೊಡೆದರೆ ಮತ್ತೆ ಕೂತುಬಿಡುತ್ತದೆ, ಈ ಸಲ ಸುತ್ತುಗಳು ಒಂದೊಂದು ಅಂತರದಲ್ಲಿ, ಸೊಟ್ಟಗೆ. ಬೆಂಕಿಯಲ್ಲಿ ಕಾಯಿಸಿ ಎಳೆಯುವುದು ಇನ್ನೂ ಕೆಟ್ಟದ್ದು, ಉಕ್ಕಿನ ಹದವೇ ಹೋಗುತ್ತದೆ. ಸ್ಪ್ರಿಂಗಿನ ಹಿಂದೆ ವಾಷರ್ ಮೇಲೆ ವಾಷರ್ ಇಟ್ಟು ಬಿಗಿ ಮಾಡುವವರೂ ಇದ್ದಾರೆ. ಜಾಸ್ತಿ ಆದರೆ ಕಾಕ್ ಆಗುವ ಮೊದಲೇ ಸುತ್ತುಗಳು ಒಂದಕ್ಕೊಂದು ಅಂಟಿ ನಿಲ್ಲುತ್ತವೆ. ಆಗ ಬಲವಾಗಿ ಎಳೆದರೆ ಕಾಕಿಂಗ್ ಲಿವರ್ ಬಾಗುತ್ತದೆ.

ಈಗ ಬಿಚ್ಚುವ ವಿಷಯ. ನನ್ನ ಎಡ ಹುಬ್ಬಿನ ಮೇಲೆ ಮೂರು ಹೊಲಿಗೆಯ ಗುರುತಿದೆ. ಕೆಲಸ ಕಲಿಯುತ್ತಿದ್ದ ವಯಸ್ಸು. ಒಂದು ಹಳೆಯ ರೈಫಲ್ಲನ್ನು ತೊಡೆಯ ನಡುವೆ ಹಿಡಿದು, ಹಿಂದಿನ ಬಿರಡೆಯನ್ನು ಸ್ಪ್ಯಾನರ್‌ನಿಂದ ತಿರುಗಿಸುತ್ತಾ ಹೋದೆ. ಕೊನೆಯ ಎರಡು ಎಳೆ ಉಳಿದಾಗ ಕೈಗೆ ಹಗುರ ಅನ್ನಿಸಿತು. ಇನ್ನೊಂದು ಅರ್ಧ ಸುತ್ತು ತಿರುಗಿಸಿದೆ. ಬಿರಡೆ ಹಾರಿ ಮೇಲಿನ ಹಂಚು ಒಡೆದುಕೊಂಡು ಹೋಯಿತು, ಗೈಡ್ ಸಲಾಕೆ ಹುಬ್ಬು ಸೀಳಿತು. ಅರ್ಧ ಇಂಚು ಕೆಳಗೆ ಬಡಿದಿದ್ದರೆ ಕಣ್ಣು ಹೋಗುತ್ತಿತ್ತು. ಎದುರಿನ ಸ್ಟೂಲ್ ಮೇಲೆ ರೈಫಲ್ ತಂದವರ ಮಗ, ಸಣ್ಣ ಹುಡುಗ, ಕೂತು ನೋಡುತ್ತಿದ್ದ. ಆ ಸ್ಟೂಲ್ ನೆನೆಸಿಕೊಂಡರೆ ಈಗಲೂ ಕೈ ತಣ್ಣಗಾಗುತ್ತದೆ. ಕಾಕ್ ಮಾಡದೇ ಇದ್ದಾಗಲೂ ಆ ಸ್ಪ್ರಿಂಗ್ ಒಳಗೆ ಒತ್ತಿಕೊಂಡೇ ಇರುತ್ತದೆ. ಹೊರಗೆ ಬಂದರೆ ಕೂತಿದ್ದ ಜಾಗಕ್ಕಿಂತ ಹಲವು ಇಂಚು ಉದ್ದ ಇರುತ್ತದೆ. ಆ ಇಂಚುಗಳ ಶಕ್ತಿಯೆಲ್ಲ ಒಂದೇ ಕ್ಷಣಕ್ಕೆ ಹೊರಗೆ ಬರುತ್ತದೆ.

ಅದಕ್ಕೆ ಸ್ಪ್ರಿಂಗ್ ಕಂಪ್ರೆಸರ್ ಅನ್ನುವ ಚೌಕಟ್ಟು ಬೇಕು. ಬಡಗಿಗಳ ಉದ್ದ ಕ್ಲ್ಯಾಂಪ್‌ನ ಹಾಗೆ ಇರುತ್ತದೆ. ರೈಫಲ್ಲನ್ನು ಅದರಲ್ಲಿ ಕೂರಿಸಿ, ಸ್ಕ್ರೂ ತಿರುಗಿಸಿ ಬಿರಡೆಯ ಮೇಲೆ ಒತ್ತಡ ಕೊಟ್ಟು, ಆಮೇಲೆ ಪಿನ್ ತೆಗೆದು, ಸ್ಪ್ರಿಂಗ್ ತನ್ನ ಉದ್ದಕ್ಕೆ ಬರುವ ತನಕ ನಿಧಾನವಾಗಿ ಸ್ಕ್ರೂ ಬಿಡಬೇಕು. ಪೆಲೆಟ್ ಇಲ್ಲ, ಕಾಕ್ ಆಗಿಲ್ಲ ಅಂತ ಎರಡು ಸಲ ನೋಡಿಕೊಂಡ ಮೇಲೆ. ಈ ಚೌಕಟ್ಟು ಇಲ್ಲದವರ ಹತ್ತಿರ ಬಿಚ್ಚಿಸಬೇಡಿ, ನೀವೂ ಬಿಚ್ಚಬೇಡಿ. ಇದೊಂದು ವಿಷಯದಲ್ಲಿ ದಯವಿಟ್ಟು ನನ್ನ ಮಾತು ಕೇಳಿ.

ತಿಳಿದವರು ಬಿಚ್ಚಿದ ಮೇಲೆ ಸ್ಪ್ರಿಂಗನ್ನು ನೀವೇ ನೋಡಬಹುದು. ಗಾಜಿನ ಮೇಲೆ ಉರುಳಿಸಿ. ನೇರ ಇದ್ದರೆ ಸಲೀಸಾಗಿ ಉರುಳುತ್ತದೆ, ಬಾಗಿದ್ದರೆ ಕುಂಟುತ್ತದೆ. ನಿಲ್ಲಿಸಿ ನೋಡಿ, ಎರಡೂ ತುದಿ ಚಪ್ಪಟೆಯಾಗಿ ಕೂರಬೇಕು. ಒಂದೇ ಮಗ್ಗುಲಲ್ಲಿ ಹೊಳಪು ಬಂದಿದ್ದರೆ ಅಲ್ಲಿ ಉಜ್ಜುತ್ತಿದೆ ಅಂತ ಅರ್ಥ. ಬದಲಿಸಲೇಬೇಕು ಅಂದರೆ ಅದೇ ಮಾದರಿಗೆ ಕಂಪನಿ ಕೊಡುವ ಸ್ಪ್ರಿಂಗ್ ತರಿಸಿ. ಸಿಗದಿದ್ದರೆ ತಂತಿಯ ದಪ್ಪ, ಹೊರ ಅಳತೆ, ಸುತ್ತುಗಳ ಲೆಕ್ಕ, ಇವನ್ನು ವರ್ನಿಯರ್‌ನಲ್ಲಿ ಅಳೆದು ಅದಕ್ಕೆ ಹೊಂದುವುದನ್ನೇ ಹುಡುಕಿ. ಹೇಗೂ ಬಿಚ್ಚಿದ್ದೇವೆ ಅಂತ ಪಿಸ್ಟನ್ ಸೀಲನ್ನೂ ಅದೇ ಸಲ ಬದಲಿಸಿಬಿಡಿ.

ಜಾಸ್ತಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಯಾರಾದರೂ ಅಂದೇ ಅನ್ನುತ್ತಾರೆ. ಬೇಡ. 10 ಮೀಟರ್ ಸ್ಪರ್ಧೆಯಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದು ಇದೇ ಆಟದಲ್ಲಿ. ಆ ಮಟ್ಟದ ಗಾಳಿ ತುಂಬಿದ ರೈಫಲ್‌ಗಳಿಗೂ 7.5 ಜೂಲ್ ಆಸುಪಾಸಿನ ಶಕ್ತಿಯೇ ಸಾಕು. ಕಾಗದ ತೂತು ಮಾಡಲು ಬಲ ಬೇಕಿಲ್ಲ, ಪ್ರತಿ ಹೊಡೆತವೂ ಒಂದೇ ಸಮ ಇರಬೇಕು. ಗಟ್ಟಿ ಸ್ಪ್ರಿಂಗ್ ಒದೆತ ಹೆಚ್ಚಿಸುತ್ತದೆ, ಗುಂಪು ಚೆದುರಿಸುತ್ತದೆ, ಹುಡುಗಿಯ ಭುಜ ದಣಿಸುತ್ತದೆ. ಕಾನೂನಿನ ಮಾತೂ ಇದೆ. 2016ರ ಶಸ್ತ್ರಾಸ್ತ್ರ ನಿಯಮದ ಪ್ರಕಾರ 4.5 ಮಿಲಿಮೀಟರ್ ಬೋರ್, 20 ಜೂಲ್ ಒಳಗಿನ ಏರ್ ರೈಫಲ್‌ಗೆ ಮಾತ್ರ ಪರವಾನಗಿ ಬೇಡ. ಹಾಗಂತ ಮೆಕ್ಕೆಜೋಳಕ್ಕೆ ಬರುವ ಗಿಳಿಗೆ ಗುರಿ ಇಡುವ ಹಾಗಿಲ್ಲ. ಅವು 1972ರ ವನ್ಯಜೀವಿ ಕಾಯ್ದೆಯಲ್ಲಿ ರಕ್ಷಿತ ಹಕ್ಕಿಗಳು. ಮಗಳ ಗೆಳೆಯರು ಯಾರಾದರೂ ರೈಫಲ್ ಕೇಳಿಕೊಂಡು ಬಂದರೆ ಕೊಡಬೇಡಿ.

ನಿಮ್ಮ ಮೂರು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನನ್ನ ಅಂದಾಜು ಹೀಗಿದೆ. ಗಲಗಲ ಅನ್ನುವುದು ಸ್ಟಾಕ್ ಸ್ಕ್ರೂ ಅಥವಾ ಗೈಡ್. ಝಣ್ ಅನ್ನುವುದು ಗೈಡ್. ಬೆರಳಗಲ ಇಳಿತಕ್ಕೆ ಕಾರಣ ಒಣಗಿದ ಸೀಲ್, ಅದಕ್ಕೆ ಕೊಬ್ಬರಿ ಎಣ್ಣೆಯ ಪಟಾರ್ ಇನ್ನಷ್ಟು ಏಟು ಕೊಟ್ಟಿರಬಹುದು. ಈ ಭಾನುವಾರ ಸ್ಕ್ರೂ, ಟಿಶ್ಯೂ ಪಟ್ಟಿ, ಮೊಬೈಲ್ ಅಳತೆ ಮೂರೂ ಮುಗಿಸಿ. ಬ್ಯಾರಲ್ ಮಡಚಿ ಪೆಲೆಟ್ ಇಡುವಾಗ ಪ್ರತಿ ಸಲವೂ ಇನ್ನೊಂದು ಕೈ ಬ್ಯಾರಲ್ಲನ್ನು ಗಟ್ಟಿಯಾಗಿ ಹಿಡಿದಿರಲಿ. ಪಿಸ್ಟನ್ನನ್ನು ತಡೆದು ಹಿಡಿಯುವ ಕೊಂಡಿ ಸವೆದಿದ್ದರೆ ಬ್ಯಾರಲ್ ಚಟ್ಟನೆ ಮುಚ್ಚಿ ಬೆರಳು ಜಜ್ಜುತ್ತದೆ.

ಆಗಲೂ ಸರಿಹೋಗದಿದ್ದರೆ ಬರೆದಿಟ್ಟ ಅಳತೆಗಳ ಹಾಳೆ ಸಮೇತ ದಾವಣಗೆರೆಗೆ ತನ್ನಿ. ರೈಫಲ್ ಖಾಲಿ ಇರಲಿ, ಕವರ್ ಒಳಗಿರಲಿ, ಕೊಂಡ ರಸೀದಿ ಮತ್ತು ನಿಮ್ಮ ಆಧಾರ್ ಜೊತೆಗಿರಲಿ. ಪೆಲೆಟ್ ಡಬ್ಬಿಯನ್ನೂ ತರಲು ಮರೆಯಬೇಡಿ. ಅಲ್ಲಿಯವರೆಗೆ ಮಗಳು ದಿನವೂ ಕಾಕ್ ಮಾಡದೆ, ಖಾಲಿ ರೈಫಲ್ ಹಿಡಿದು ಫಲಕದ ಕಡೆ ಒಂದೊಂದು ನಿಮಿಷದಂತೆ ಇಪ್ಪತ್ತು ಸಲ ನಿಲ್ಲಲಿ, ಟ್ರಿಗರ್‌ಗೆ ಬೆರಳು ಬೇಡ. ಸ್ಪ್ರಿಂಗಿಗೆ ರಜೆ, ಅವಳ ಅಭ್ಯಾಸಕ್ಕೆ ರಜೆ ಬೇಕಿಲ್ಲ.